ಟೈಫಿಯಾ: ಬೂಷ್ಟು ಕಾಳಿನ ಜೀರುಂಡೆ, ಪಾದದ ಲೆಕ್ಕ

ಕಲಬುರಗಿ ಸೀಮೆಯಲ್ಲಿ ಟೈಫಿಯಾ ಎಂಬ ಈ ಪುಟ್ಟ ಜೀರುಂಡೆಯನ್ನು ಹುಡುಕಬೇಕಾದರೆ ಮಳೆ ನೀರು ಇಳಿದ ಹಗೇವಿನ ಗೋಡೆಗಂಟಿದ ಜೋಳ, ಬಣವಿ ತಳದ ಕಣಿಕಿ, ತಿಪ್ಪೆಗೆ ತಾಗಿದ ತೊಗರಿ ಹೊಟ್ಟು ನೋಡಿ. ಬಿಳಿ ಹಾಳೆಯ ಮೇಲೆ ಜರಡಿ ಹಿಡಿಯಿರಿ. ಟೈಫಿಯಾ ಸ್ಟರ್ಕೋರಿಯಾ ಬದುಕುವುದು ಮುಖ್ಯವಾಗಿ ಬೂಷ್ಟಿನ ಮೇಲೆ. ಹಾಗಾಗಿ ಈ ಹುಳ ಕಂಡ ಕಡೆ ಮೊದಲು ಕೇಳಬೇಕಾದ ಪ್ರಶ್ನೆ, ತೇವ ಎಲ್ಲಿಂದ ಬಂತು ಎಂಬುದು.

1758ರಲ್ಲಿ ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಇದನ್ನು ಡರ್ಮೆಸ್ಟಿಸ್ ಕುಲಕ್ಕೆ ಸೇರಿಸಿದ್ದ. 1829ರಲ್ಲಿ ಇಂಗ್ಲೆಂಡಿನ ಕೀಟತಜ್ಞ ಸ್ಟೀಫನ್ಸ್ ಟೈಫಿಯಾ ಕುಲ ಕಟ್ಟಿದ. ಕುಟುಂಬ ಮೈಸಿಟೋಫ್ಯಾಜಿಡೇ, ಮೇಲ್ಕುಟುಂಬ ಟೆನೆಬ್ರಿಯೊನಾಯ್ಡಿಯಾ. ಸ್ಟರ್ಕೋರಿಯಾ ಎಂದರೆ ಸಗಣಿಯದು. ನಮ್ಮ ತಿಪ್ಪೆಗೆ ಒಪ್ಪುವ ಹೆಸರೇ.

ಉದ್ದ 2ರಿಂದ 3 ಮಿ.ಮೀ., ಕಂದು ಬಣ್ಣ, ನೀಳ ಅಂಡಾಕಾರ. ಕುಡಿಮೀಸೆಯಲ್ಲಿ 11 ಗೆಣ್ಣು, ತುದಿಯ 3 ದಪ್ಪಗಾಗಿ ಗದೆಯಂತಿವೆ. ರೆಕ್ಕೆಚಿಪ್ಪಿನ ಮೇಲೆ ಕೂದಲು ಸಾಲು ಹಿಡಿದು ನಿಂತಿರುತ್ತದೆ. ಆದರೆ ಆಲ್ಕೊಹಾಲಿನಿಂದ ಈಗಷ್ಟೇ ತೆಗೆದ ಹುಳದಲ್ಲಿ ಕೂದಲೆಲ್ಲ ಮೈಗಂಟಿ ಸಾಲು ಕಾಣುವುದೇ ಇಲ್ಲ. ಒತ್ತುಕಾಗದದ ಮೇಲೆ ಪೂರ್ತಿ ಒಣಗಲು ಬಿಟ್ಟು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಹೊಟ್ಟಿನ ಧೂಳು ಕೂತಿದ್ದರೆ 70% ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆ ಕುಂಚದಿಂದ, ಕತ್ತಿನಿಂದ ಬಾಲದ ಕಡೆಗೆ ಮಾತ್ರ ಸವರಿ. ಎದುರು ಸವರಿದರೆ ಕೂದಲೇ ಉದುರುತ್ತದೆ.

ಇನ್ನು ಪಾದ. ಹೆಚ್ಚಿನವರು ಎಡವುವುದು ಇಲ್ಲೇ. ಹೆಣ್ಣಿನಲ್ಲಿ ಮುಂದಿನ, ನಡುವಿನ, ಹಿಂದಿನ ಪಾದದ ಗೆಣ್ಣು 4-4-4, ಗಂಡಿನಲ್ಲಿ 3-4-4. ಗಂಡಿನ ಮುಂಗಾಲೊಂದನ್ನೇ ಎಣಿಸಿ ಮೂರು ಎಂದು ಬರೆದುಕೊಂಡರೆ ಕೀಲಿಕೋಷ್ಟಕ (ಲಕ್ಷಣ ನೋಡಿ ಹುಳ ಗುರುತಿಸುವ ಪಟ್ಟಿ) ನಿಮ್ಮನ್ನು ಸೀದಾ ಪಾದಕ್ಕೆ ಮೂರೇ ಗೆಣ್ಣಿರುವ ಲ್ಯಾಟ್ರಿಡಿಡೇ ಕುಟುಂಬಕ್ಕೆ ಒಯ್ಯುತ್ತದೆ, ಅಲ್ಲಿಂದ ಮುಂದೆ ಯಾವ ಲಕ್ಷಣವೂ ಹೊಂದುವುದಿಲ್ಲ. ಮೂರೂ ಜೋಡಿ ಎಣಿಸಿ. ಒಂದು ಬದಿ ಮುರಿದಿದ್ದರೆ ಇನ್ನೊಂದು ಬದಿ ನೋಡಿ. ಹುಳವನ್ನು ಗ್ಲಿಸರಿನ್ ಹನಿಯಲ್ಲಿ ಅಂಗಾತ ಮಲಗಿಸಿ, ಕೆಳಗಿನಿಂದ ಬೆಳಕು ಕೊಟ್ಟು, 40 ಪಟ್ಟು ಹಿಗ್ಗಿಸಿ. ಉಗುರಿರುವ ತುದಿಯ ಗೆಣ್ಣನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಡಿಯ ಕೂದಲು ಸಂದುಗಳನ್ನು ಮುಚ್ಚುವುದರಿಂದ ಪಕ್ಕದಿಂದ ನೋಡುವುದೇ ಲೇಸು. ಮುಂಗಾಲಿನಿಂದಲೇ ಗಂಡು ಯಾವುದು, ಹೆಣ್ಣು ಯಾವುದು ಎಂದು ಗೊತ್ತಾಗುವ ಕಾರಣ ಹೊಟ್ಟೆ ಕೊಯ್ಯುವ ಗೋಜೂ ಇಲ್ಲ.

ಉಗ್ರಾಣದಲ್ಲಿ ಇದರ ಜೊತೆ ಗೊಂದಲ ಮಾಡುವವು ಕೆಲವಿವೆ. ಖಾಪ್ರಾ ಜೀರುಂಡೆ ಅಪಾಯದ್ದು, ಅದಕ್ಕೂ ಕಂದು ಬಣ್ಣ, ಮೈತುಂಬ ಕೂದಲು; ಆದರೆ ಎರಡು ಕಣ್ಣುಗಳ ನಡುವೆ ಹಣೆಯಲ್ಲಿ ಒಂದು ಚುಕ್ಕೆಗಣ್ಣು ಇರುತ್ತದೆ, ಪಾದ 5-5-5. ಅಹಾಸ್ವೇರಸ್ ಎಂಬ ಜೀರುಂಡೆಯಾದರೆ ಪ್ರೊನೋಟಮಿನ (ತಲೆಯ ಹಿಂದಿನ ಬೆನ್ನುಫಲಕದ) ಮುಂದಿನ ಎರಡು ಮೂಲೆಯಲ್ಲೂ ಗುಬುಟು. ಹಿಟ್ಟಿನ ಕೆಂಪು ಜೀರುಂಡೆಯ ಮೈ ನುಣುಪು, ಪಾದ 5-5-4. ಹೆಣ್ಣು ಟೈಫಿಯಾದಂತೆ 4-4-4 ಇರುವ ಸಿಯಿಡೇ ಕುಟುಂಬದವು ಸತ್ತ ಮರದ ಗಟ್ಟಿ ಅಣಬೆಯಲ್ಲಿ ಸಿಗುತ್ತವೆ, ಮೈ ಕೊಳವೆಯಾಕಾರ.

ಕಾರ್ಡಿಗೆ ಅಂಟಿಸುವಾಗ ಅಂಟು ನೀರಿನಲ್ಲಿ ಕರಗುವಂಥದ್ದಿರಲಿ, ಎದೆಯ ಬಲಬದಿಗಷ್ಟೇ ಸೂಜಿಮೊನೆಯಷ್ಟು ಹಚ್ಚಿ. ಎದೆಯಡಿ ಪೂರ್ತಿ ಹಚ್ಚಿದರೆ ಮುಂಗಾಲು ಅಂಟಿನೊಳಗೆ ಹೂತುಹೋಗುತ್ತದೆ. ಚೀಟಿಯಲ್ಲಿ ಊರು, ತಾರೀಖಿನ ಜೊತೆ ಬರೀ ‘ಜೋಳ’ ಎಂದು ಬರೆಯಬೇಡಿ. ‘ಬೂಷ್ಟು ಹಿಡಿದ ಜೋಳ, ಹಗೇವಿನ ಗೋಡೆಬದಿ’ ಎಂದು ಬರೆಯಿರಿ.