ಕೊಳಕುಮಂಡಲ ಕಚ್ಚಿದರೆ ರಕ್ತ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಗದ್ದೆಯಲ್ಲಿ ಕಳೆ ಕೀಳುವಾಗ ನಮ್ಮ ಮಾವನಿಗೆ ಕೊಳಕುಮಂಡಲ ಕಚ್ಚಿತು. ಗಾಯ ಎರಡು ಚುಕ್ಕಿಯಷ್ಟೇ. ಆದರೂ ರಕ್ತ ನಿಲ್ಲಲಿಲ್ಲ, ಒಸಡಿನಿಂದಲೂ ಬಂತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು. ಆದರೆ ಕಾಲು ಊದಿ ಚರ್ಮ ಕಪ್ಪಾಯಿತು. ಔಷಧಿ ಕೊಟ್ಟ ಮೇಲೂ ಹೀಗೆ ಯಾಕಾಯ್ತು?

ನಾಗರಹಾವಿನ ವಿಷ ಮುಖ್ಯವಾಗಿ ನರಗಳ ಮಾತನ್ನು ಕಟ್ಟಿಹಾಕುತ್ತದೆ. ಮಂಡಲದ ಹಾವುಗಳ ವಿಷ ಬೇರೆ ಥರದ್ದು. ಅದರಲ್ಲಿ ಕತ್ತರಿಗಳಿವೆ. ಅವುಗಳ ಹೆಸರು ಮೆಟಲೊಪ್ರೋಟಿನೇಸ್. ಅಂದರೆ ಲೋಹ ಹಿಡಿದುಕೊಂಡು ಪ್ರೋಟೀನ್ ಕತ್ತರಿಸುವ ಕಿಣ್ವ. ಆ ಲೋಹ ಸತು, ನಾವು ಜಿಂಕ್ ಅನ್ನುತ್ತೇವಲ್ಲ, ಅದೇ. ಕತ್ತರಿಯ ಬಾಯಲ್ಲಿ ಸತುವಿನ ಒಂದೇ ಒಂದು ಪರಮಾಣು ಕೂತಿರುತ್ತದೆ. ಅದನ್ನು ತೆಗೆದರೆ ಕತ್ತರಿ ಮೊಂಡು.

ನಮ್ಮ ಮೈಯ ಅತಿ ಸಣ್ಣ ರಕ್ತನಾಳಗಳ ಗೋಡೆಗೆ ಒಂದು ತೆಳ್ಳನೆಯ ಚಾಪೆಯ ಆಸರೆ ಇದೆ. ಕೊಲಾಜೆನ್ ಎಳೆಗಳಿಂದ ನೇಯ್ದ ಚಾಪೆ. ಕತ್ತರಿಗಳು ಈ ಎಳೆಗಳನ್ನು ತುಂಡು ಮಾಡುತ್ತವೆ. ಆಮೇಲೆ ಒಳಗಿನ ರಕ್ತದ ಒತ್ತಡಕ್ಕೇ ನಾಳ ಬಿರಿಯುತ್ತದೆ. ಊತ, ನೀರುಗುಳ್ಳೆ, ಕಪ್ಪಾದ ಚರ್ಮ, ಇದೆಲ್ಲ ಬಹಳಷ್ಟು ಅದರ ಫಲ.

ಇನ್ನೊಂದು ಕೆಲಸ ವಿಚಿತ್ರ. ಕೊಳಕುಮಂಡಲದ ಒಂದು ಕತ್ತರಿ ರಕ್ತವನ್ನು ತೆಳು ಮಾಡುವುದಿಲ್ಲ, ಹೆಪ್ಪುಗಟ್ಟಿಸುತ್ತದೆ! ಹೆಪ್ಪಿನ ಸರಪಳಿಯಲ್ಲಿ ಹತ್ತನೇ ಅಂಶ ಅಂತ ಒಂದು ಪ್ರೋಟೀನ್ ಇದೆ. ಅದನ್ನು ಈ ಕತ್ತರಿ ಎಲ್ಲೆಂದರಲ್ಲಿ ಎಬ್ಬಿಸುತ್ತದೆ. ಮೈಯಲ್ಲಿರುವ ಹೆಪ್ಪಿನ ಸಾಮಾನೆಲ್ಲ ಬೇಡದ ಕಡೆ ಖರ್ಚಾಗಿ ಮುಗಿದುಹೋಗುತ್ತದೆ. ಬೇಕಾದ ಕಡೆ, ಒಸಡಿನಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ, ಏನೂ ಉಳಿದಿರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಒಣಗಿದ, ಶುದ್ಧವಾದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ಬಗ್ಗಿಸುತ್ತಾರೆ. ಸರಿಯಿದ್ದರೆ ರಕ್ತ ಗಟ್ಟಿ ಮೊಸರಿನ ಹಾಗೆ ಕೂತಿರುತ್ತದೆ. ವಿಷ ಏರಿದ್ದರೆ ನೀರಿನ ಹಾಗೆ ಹರಿದು ಬರುತ್ತದೆ. ಕೊಳವೆ ಪ್ಲಾಸ್ಟಿಕ್‌ನದ್ದಾದರೆ ಪರೀಕ್ಷೆ ಕೆಡುತ್ತದೆ, ಯಾಕೆಂದರೆ ಹೆಪ್ಪು ಶುರುವಾಗಲು ಗಾಜಿನ ಸ್ಪರ್ಶ ಬೇಕು. ದೊಡ್ಡ ಯಂತ್ರವಿಲ್ಲದ ಹಳ್ಳಿಯ ಆಸ್ಪತ್ರೆಯಲ್ಲೂ ಮಾಡಬಹುದಾದ ಈ ಪರೀಕ್ಷೆ ಎಷ್ಟು ಜೀವ ಉಳಿಸಿದೆಯೋ ಅಂತ ನನಗೆ ಅದರ ಮೇಲೆ ತುಂಬ ಗೌರವ.

ಬಯಲುಸೀಮೆಯ ಗರಗಸ ಮಂಡಲದ ವಿಷದಲ್ಲಿ ಕತ್ತರಿಯ ಜೊತೆ ಇನ್ನೊಂದು ಪ್ರೋಟೀನ್ ಇದೆ. ಅದೇ ಡಿಸ್‌ಇಂಟೆಗ್ರಿನ್. ಡೆಂಗಿ ಬಂದಾಗ ಎಲ್ಲರೂ ಎಣಿಸುವ ಪ್ಲೇಟ್‌ಲೆಟ್‌ಗಳು ಗೊತ್ತಲ್ವಾ? ಗಾಯವಾದಾಗ ಅವು ಕೈಕೈ ಹಿಡಿದು ಗುಂಪುಗಟ್ಟುತ್ತವೆ. ಆ ಕೈಗಳೇ ಇಂಟೆಗ್ರಿನ್. ಡಿಸ್‌ಇಂಟೆಗ್ರಿನ್ ಹೋಗಿ ಆ ಕೈಯನ್ನು ಮೊದಲೇ ಹಿಡಿದುಬಿಡುತ್ತದೆ. ಪಕ್ಕದವನ ಕೈ ಹಿಡಿಯಲು ಆಮೇಲೆ ಜಾಗವೇ ಇಲ್ಲ.

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯಿತು. ಹೃದಯಾಘಾತದಲ್ಲಿ ತೊಂದರೆ ಕೊಡುವುದೂ ಇದೇ ಪ್ಲೇಟ್‌ಲೆಟ್ ಗುಂಪು ತಾನೆ? ಗರಗಸ ಮಂಡಲದ ಎಕಿಸ್ಟಾಟಿನ್ ಅನ್ನುವ 49 ಅಮೈನೋ ಆಮ್ಲಗಳ ಡಿಸ್‌ಇಂಟೆಗ್ರಿನ್ ನೋಡಿ ಟಿರೊಫಿಬಾನ್ ಎಂಬ ಔಷಧಿ ರೂಪಿಸಿದರು. ಅಮೆರಿಕದ ಪುಟ್ಟ ಗಿಲಕಿ ಹಾವಿನ ವಿಷದಿಂದ ಎಪ್ಟಿಫಿಬಟೈಡ್‌ನ ದಾರಿ ಸಿಕ್ಕಿತು. ಎರಡಕ್ಕೂ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದ ಹೃದಯದ ಆಸ್ಪತ್ರೆಗಳಲ್ಲೂ ಇವನ್ನು ಬಳಸುತ್ತಾರೆ.

ಕತ್ತರಿ, ಕೈ ಹಿಡಿಯುವ ತುಂಡು, ಎರಡೂ ಸೇರಿದ ಪ್ರೋಟೀನ್‌ಗಳು ನಮ್ಮ ಮೈಯಲ್ಲೂ ಇವೆ. ಅವುಗಳ ಮನೆತನದ ಹೆಸರು ಆಡಮ್. ಹಾವಿನ ಪೂರ್ವಜರಲ್ಲೂ ಇವೇ ಇದ್ದವು. ಅವುಗಳಲ್ಲೊಂದು ವಿಷದ ಚೀಲ ಸೇರಿ ಆಯುಧವಾಯಿತು. ನಮ್ಮಲ್ಲಿ ಇವು ಹೆಚ್ಚಾಗಿ ಜೀವಕೋಶದ ಮೈಗೆ ಅಂಟಿಕೊಂಡಿರುತ್ತವೆ. ಹುಟ್ಟುವಾಗ ಒರೆಯೊಳಗೇ ಇರುತ್ತವೆ, ಕೆಲಸಕ್ಕೆ ಇಳಿಯುವ ಮುಂಚೆ ಒರೆ ಕಳಚುತ್ತದೆ. ಆಡಮ್ 17 ಉರಿಯೂತದ ಸಂದೇಶವನ್ನು ಕತ್ತರಿಸಿ ಬಿಡುತ್ತದೆ. ಅದು ಜಾಸ್ತಿಯಾದರೆ ಸಂಧಿವಾತದಲ್ಲಿ ಕೀಲು ಉರಿಯುತ್ತದೆ. ಆಡಮ್ 10 ಮಿದುಳಿನ ಒಂದು ಪ್ರೋಟೀನನ್ನು ಸರಿಯಾದ ಜಾಗದಲ್ಲಿ ಕತ್ತರಿಸಿ, ಆಲ್‌ಝೈಮರ್ಸ್‌ನಲ್ಲಿ ಗಡ್ಡೆಗಟ್ಟುವ ಚೂರು ಹುಟ್ಟದಂತೆ ನೋಡುತ್ತದೆ. ಹತ್ತಿರದ ನೆಂಟ ಆಡಮ್‌ಟಿಎಸ್ 13 ಇಲ್ಲದಿದ್ದರೆ ಸಣ್ಣ ರಕ್ತನಾಳಗಳಲ್ಲೆಲ್ಲ ಪ್ಲೇಟ್‌ಲೆಟ್ ಗುಂಪು ಕಟ್ಟಿ, ಟಿಟಿಪಿ ಎಂಬ ಜೀವಕ್ಕೆ ಕುತ್ತು ತರುವ ಕಾಯಿಲೆ ಬರುತ್ತದೆ. ಅಂದರೆ ಕತ್ತರಿ ಅತಿಯಾದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಈಗ ನಿಮ್ಮ ಮಾವನ ಕಾಲಿಗೆ ಬರೋಣ. ವಿಷದ ಔಷಧಿ ಅಂದರೆ ಕುದುರೆಯ ರಕ್ತದಿಂದ ತೆಗೆದ ಪ್ರತಿಕಾಯಗಳು. ರಕ್ತದಲ್ಲಿ ಓಡಾಡುವ ಕತ್ತರಿಗಳನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಆದರೆ ಕಚ್ಚಿದ ಜಾಗದ ಕತ್ತರಿಗಳು ನಿಮಿಷಗಳಲ್ಲಿ ಕೆಲಸ ಶುರು ಮಾಡಿರುತ್ತವೆ. ಹರಿದ ಚಾಪೆಯನ್ನು ಔಷಧಿ ಹೊಲಿಯುವುದಿಲ್ಲ. ಖರ್ಚಾದ ಹೆಪ್ಪಿನ ಸಾಮಾನನ್ನೂ ಅದು ತಂದುಕೊಡುವುದಿಲ್ಲ, ಅದನ್ನು ಯಕೃತ್ತೇ ಹೊಸದಾಗಿ ಮಾಡಬೇಕು. ಅದಕ್ಕೇ ಆರು ಗಂಟೆ ಬಿಟ್ಟು ಮತ್ತೆ ಗಾಜಿನ ಕೊಳವೆಯ ಪರೀಕ್ಷೆ ಮಾಡುತ್ತಾರೆ.

ಹಾಗಾಗಿ ಹಗ್ಗ ಬಿಗಿಯಬೇಡಿ. ಕತ್ತರಿಗಳೆಲ್ಲ ಒಂದೇ ಕಡೆ ಉಳಿದು ಕಾಲು ಇನ್ನೂ ಕೆಡುತ್ತದೆ. ಕುಯ್ಯಬೇಡಿ, ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. ಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಯಾವ ಊರಿನಲ್ಲಿ ಎಷ್ಟು ಔಷಧಿ ಬೇಕು ಅನ್ನುವುದು ಆ ಲೆಕ್ಕದಿಂದ ಗೊತ್ತಾಗಬೇಕು.

ಯುನಿಥಿಯಾಲ್ ಅಂತ ಒಂದು ಹಳೇ ಔಷಧಿ ಇದೆ. ಪಾದರಸದಂಥ ಲೋಹದ ವಿಷಕ್ಕೆ ಕೊಡುತ್ತಿದ್ದದ್ದು. ಅದು ಕತ್ತರಿಯ ಬಾಯಿಂದ ಸತುವನ್ನು ಕಿತ್ತುಕೊಳ್ಳುತ್ತದೆ. ಗದ್ದೆಯ ಬದುವಿನಲ್ಲೇ, ಆಂಬುಲೆನ್ಸ್ ಬರುವ ಮೊದಲೇ ನುಂಗಬಹುದಾದ ಔಷಧಿಯಾಗಿ ಅದನ್ನು ತರಬಹುದೇ ಎಂದು ಸಂಶೋಧಕರು ಈಗ ಪರೀಕ್ಷಿಸುತ್ತಿದ್ದಾರೆ.