ಉಸಿರಿನಿಂದ ಆಕಾಶಕ್ಕೆ

"ಎಚ್ಚರ ಯಾವಾಗ ಆಗ್ತೈತ್ರಿ ಡಾಕ್ಟ್ರ?" ಗದಗ, ಹಾವೇರಿಯ ಹಳ್ಳಿಗಳಿಂದ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬಂದು, ಆಪರೇಷನ್ ಥಿಯೇಟರಿನ ಹೊರಗೆ ಕಾಯುವವರು ತಪ್ಪದೆ ಕೇಳುವ ಮಾತಿದು. ಉಸಿರಿನೊಡನೆ ಒಳಹೋದ ಅರಿವಳಿಕೆ ಉಸಿರಿನೊಡನೆಯೇ ಹೊರಬಂದಾಗ ರೋಗಿಗೆ ಎಚ್ಚರವಾಗುತ್ತದೆ. ಹೀಗೆ ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧವಾದ ಸೆವೊಫ್ಲುರೇನ್‌ನಲ್ಲಿ ದೇಹ ಒಡೆದುಹಾಕುವುದು ನೂರಕ್ಕೆ ಐದು ಪಾಲು ಮಾತ್ರ. ಇಂಥದೇ ಇನ್ನೊಂದು ಔಷಧವಾದ ಡೆಸ್‌ಫ್ಲುರೇನ್‌ನಲ್ಲಿ ಅಷ್ಟೂ ಇಲ್ಲ. ಉಳಿದುದೆಲ್ಲ ಥಿಯೇಟರಿನ ಕೊಳವೆಯಿಂದ ನೇರವಾಗಿ ಹೊರಗಿನ ಗಾಳಿಗೆ ಸೇರುತ್ತದೆ.

ಅಲ್ಲಿ ಇವು ಶಾಖವನ್ನು ಹಿಡಿದಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡ್‌ಗಿಂತ ಸೆವೊಫ್ಲುರೇನ್ ಸುಮಾರು 200 ಪಟ್ಟು, ಡೆಸ್‌ಫ್ಲುರೇನ್ 2,500 ಪಟ್ಟಿಗೂ ಹೆಚ್ಚು ಬಿಸಿಯೇರಿಸುತ್ತದೆ. ಈ ಕಾರಣಕ್ಕೇ ಸ್ಕಾಟ್ಲೆಂಡ್ 2023ರಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನ್ ಬಳಕೆಯನ್ನು ನಿಲ್ಲಿಸಿತು.

ನಮ್ಮ ಕೈಯಲ್ಲಿರುವ ಅತಿ ಸುಲಭದ ಉಪಾಯವೆಂದರೆ ಅರಿವಳಿಕೆ ಯಂತ್ರದ ಗುಂಡಿಯೊಂದನ್ನು ತಿರುಗಿಸಿ ಹೊಸ ಗಾಳಿಯ ಹರಿವನ್ನು ತಗ್ಗಿಸುವುದು. ಯಂತ್ರದ ಮಗ್ಗುಲಿನ ಪಾರದರ್ಶಕ ಡಬ್ಬಿಯಲ್ಲಿ ಸೋಡಾ ಲೈಮಿನ ಬಿಳಿ ಹರಳುಗಳಿರುತ್ತವೆ. ರೋಗಿ ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತ ಅವು ಮೆಲ್ಲಗೆ ನೇರಳೆ ಬಣ್ಣಕ್ಕೆ ತಿರುಗುತ್ತವೆ, ಉಳಿದ ಅರಿವಳಿಕೆ ಮರಳಿ ಅದೇ ರೋಗಿಗೆ ಹೋಗುತ್ತದೆ. ಹೊಸ ಗಾಳಿಯನ್ನು ನಿಮಿಷಕ್ಕೆ 6 ಲೀಟರಿನಂತೆ ಹರಿಸಿದರೆ, ಹಳೆಯ ಗಾಳಿಗೆ ತಿರುಗಿ ಬರಲು ಜಾಗವೇ ಇರುವುದಿಲ್ಲ. ಆ ಗಾಳಿಯಲ್ಲಿ ಶೇಕಡ 2ರಷ್ಟು ಸೆವೊಫ್ಲುರೇನ್ ಆವಿ ಬೆರೆಸಿದರೆ ಎರಡು ಗಂಟೆಗೆ ಸುಮಾರು 78 ಮಿಲಿಲೀಟರ್ ಸೆವೊಫ್ಲುರೇನ್ ದ್ರವ ಖರ್ಚಾಗುತ್ತದೆ. 1 ಲೀಟರಿಗಿಳಿಸಿದರೆ ಸುಮಾರು 13 ಸಾಕು. ಆರಂಭದ ಕೆಲವು ನಿಮಿಷ ಹರಿವು ಹೆಚ್ಚೇ ಇರಬೇಕೆಂಬುದು ನಿಜ. ಆದರೂ ಉಳಿತಾಯ ದೊಡ್ಡದು, ಅದು ಔಷಧದ ಖರ್ಚಿನಲ್ಲೂ ಕಾಣುತ್ತದೆ.

ಇದರಿಂದ ರೋಗಿಗೆ ಸಿಗುವ ಅರಿವಳಿಕೆ ಕಡಿಮೆಯಾಗುವುದಿಲ್ಲ, ಈ ಮಾತನ್ನು ಒತ್ತಿ ಹೇಳಬೇಕು. ಉಸಿರಿನಲ್ಲಿರುವ ಆಮ್ಲಜನಕ ಮತ್ತು ಅರಿವಳಿಕೆಯ ಪ್ರಮಾಣವನ್ನು ತೋರಿಸುವ ಮಾನಿಟರ್ ಮಾತ್ರ ಇರಲೇಬೇಕು. ಅದಿಲ್ಲದ ಕಡೆ ಹರಿವು ತಗ್ಗಿಸುವ ಸಾಹಸ ಸಲ್ಲದು.

ಹೆರಿಗೆಯ ಸಿಸೇರಿಯನ್‌ಗೆ ನಮ್ಮಲ್ಲಿ ಹೆಚ್ಚಾಗಿ ಕೊಡುವ ಬೆನ್ನಿನ ಇಂಜೆಕ್ಷನ್‌ನಲ್ಲಿ ಈ ಅನಿಲಗಳ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ಚಿಂತೆ, ಅರಿವಳಿಕೆಗೆ ಬಳಸುವ ಮತ್ತೊಂದು ಅನಿಲವಾದ ನೈಟ್ರಸ್ ಆಕ್ಸೈಡ್‌ನದು. ವಾತಾವರಣದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಉಳಿಯುವ ಈ ಅನಿಲ ಓಝೋನ್ ಪದರವನ್ನೂ ಸವೆಸುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ಕೊಂಡ ನೈಟ್ರಸ್‌ನ ಬಹುಪಾಲು ರೋಗಿಯನ್ನು ತಲುಪದೆ ಗೋಡೆಯೊಳಗಿನ ಕೊಳವೆಗಳಲ್ಲೇ ಸೋರಿಹೋಗುತ್ತಿರುವುದು ಕಂಡುಬಂತು. ಕೊಳವೆಯನ್ನು ಮುಚ್ಚಿ, ಬೇಕಾದಾಗಷ್ಟೇ ತೆರೆಯುವ ಚಿಕ್ಕ ಸಿಲಿಂಡರನ್ನು ಯಂತ್ರಕ್ಕೆ ಜೋಡಿಸುವುದು ಅಲ್ಲಿ ಕಂಡುಕೊಂಡ ದಾರಿ. ನಮ್ಮ ಭಾಗದಲ್ಲಿ ಹೊಸ ಆಸ್ಪತ್ರೆ ಕಟ್ಟುವವರು ನೈಟ್ರಸ್ ಕೊಳವೆ ಬೇಕೇ ಎಂಬುದನ್ನು ನಕ್ಷೆ ಬರೆಯುವಾಗಲೇ ತಮ್ಮ ಅರಿವಳಿಕೆ ತಜ್ಞರನ್ನು ಕೇಳಬೇಕು. ಗೋಡೆಗೆ ಗಿಲಾಯಿಯಾದ ಮೇಲೆ ಸೋರಿಕೆ ಹುಡುಕುವುದು ಕಷ್ಟ.