ಖೋ ಜನಾಂಗದ ಗಣ್ಯರು: ಚಿತ್ರಾಲ್‌ನ ಅರಮನೆಯವರು, ಕವಿಗಳು, ಇತಿಹಾಸಕಾರರು

ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಹಿಂದೂಕುಶ್ ಪರ್ವತಗಳ ನಡುವೆ ಇರುವ ಚಿತ್ರಾಲ್ ಖೋ ಜನರ ಮುಖ್ಯ ನೆಲೆ. ಪೂರ್ವಕ್ಕೆ ಶಂದೂರ್ ಕಣಿವೆಮಾರ್ಗವನ್ನು ದಾಟಿದರೆ ಸಿಗುವ ಗಿಜರ್ ಮತ್ತು ಯಾಸೀನ್ ಕಡೆಗಳಲ್ಲಿಯೂ ಅವರಿದ್ದಾರೆ. ಅವರ ನುಡಿ ಖೋವಾರ್, ಇಂಡೋ-ಆರ್ಯನ್ ಕುಟುಂಬದ ದಾರ್ದಿಕ್ ಗುಂಪಿಗೆ ಸೇರಿದ್ದು.

ಗಣ್ಯರ ಯಾವ ಪಟ್ಟಿಯನ್ನು ತೆರೆದರೂ ಬಹಳಷ್ಟು ಹೆಸರುಗಳು ‘ಉಲ್-ಮುಲ್ಕ್’ ಎಂದು ಮುಗಿಯುವುದನ್ನು ಓದುವವರು ಗಮನಿಸಬೇಕು. ಇವು ಚಿತ್ರಾಲನ್ನು ‘ಮೆಹ್ತರ್’ ಎಂಬ ಬಿರುದಿನಿಂದ ಆಳಿದ ಕಟೂರ್ ಮನೆತನದ ಹೆಸರುಗಳು. ಈ ಮನೆತನ ತನ್ನ ಮೂಲವನ್ನು ಹೊರಗಿನ ಪರ್ಷಿಯನ್ ನಾಡುಗಳಲ್ಲಿ ಹೇಳಿಕೊಂಡರೂ ನುಡಿಯಲ್ಲಿ, ಬದುಕಿನಲ್ಲಿ ಖೋ ಆಗಿಹೋಗಿತ್ತು; ಆದ್ದರಿಂದ ಅವರನ್ನು ಈ ಪಟ್ಟಿಯಿಂದ ಹೊರಗಿಡುವುದು ಸರಿಯಲ್ಲ, ಪಟ್ಟಿಯನ್ನು ಅವರಿಂದಲೇ ತುಂಬುವುದೂ ಸರಿಯಲ್ಲ.

ಅರಮನೆಯ ರಾಜಕೀಯಕ್ಕಿಂತ ಹೆಚ್ಚು ಕಾಲ ಜನರ ನಾಲಗೆಯ ಮೇಲೆ ಉಳಿದವರು ಕವಿಗಳು. ಮಹಮ್ಮದ್ ಶಕೂರ್ ಗರೀಬ್ ಅವರನ್ನು ಖೋವಾರ್‌ನ ಮೊದಲ ಕವಿಗಳಲ್ಲಿ ಎಣಿಸಲಾಗುತ್ತದೆ. ‘ಬಾಬಾ ಸಿಯರ್’ ಎಂದು ಹೆಸರಾದ ಮಿರ್ಜಾ ಮಹಮ್ಮದ್ ಸಿಯರ್ ಮೇಲಿನ ಚಿತ್ರಾಲ್‌ನ ಶೋಗ್ರಾಮ್ ಊರಿನವರು. ಅವರು ಪರ್ಷಿಯನ್‌ನಲ್ಲಿ ಶಾಹನಾಮಾ (ರಾಜರ ಕಥೆ ಹೇಳುವ ಮಹಾಕಾವ್ಯ) ಮಾದರಿಯ ಕಾವ್ಯವನ್ನು ರಚಿಸಿದರಾದರೂ ಚಿತ್ರಾಲಿ ಸಿತಾರಿನೊಂದಿಗೆ ಇಂದಿಗೂ ಹಾಡಲಾಗುವುದು ಅವರ ಖೋವಾರ್ ಪ್ರೇಮಗೀತೆ ‘ಯಾರ್ ಮನ್ ಹಮೀನ್’. ಗದ್ಯದ ಕಡೆ ಮಿರ್ಜಾ ಮಹಮ್ಮದ್ ಗುಫ್ರಾನ್ ಮುಖ್ಯರು. ಚಿತ್ರಾಲ್‌ನ ಇತಿಹಾಸವನ್ನು ಅವರು ಬರೆದದ್ದು ಪರ್ಷಿಯನ್‌ನಲ್ಲಿ. ಅಂದಿನ ವಿದ್ವತ್ತಿನ ಭಾಷೆ ಅದೇ ಆಗಿತ್ತು.

ಇನ್ನು ಶುಜಾ-ಉಲ್-ಮುಲ್ಕ್. 1892ರಲ್ಲಿ ಮೆಹ್ತರ್ ಅಮಾನ್-ಉಲ್-ಮುಲ್ಕ್ ತೀರಿಕೊಂಡ ಮೇಲೆ ಅವರ ಮಕ್ಕಳು, ಬಂಧುಗಳು ಗದ್ದಿಗೆಗಾಗಿ ಒಬ್ಬರನ್ನೊಬ್ಬರು ಕೊಂದುಕೊಂಡರು. 1895ರ ಮಾರ್ಚ್‌ನಲ್ಲಿ ಬ್ರಿಟಿಷ್ ಅಧಿಕಾರಿ ರಾಬರ್ಟ್‌ಸನ್, ಅಮಾನ್ ಅವರ ಮಗನಾದ, ಇನ್ನೂ ಬಾಲಕನಾಗಿದ್ದ ಶುಜಾನನ್ನು ಮೆಹ್ತರ್ ಎಂದು ಮಾನ್ಯಮಾಡಿದರು. ಮರುದಿನವೇ ಗದ್ದಿಗೆಯ ಹಕ್ಕುದಾರ ಶೇರ್ ಅಫ್ಜಲ್ ಮತ್ತು ನೆರೆಯ ಜಂದೋಲ್‌ನ ಒಡೆಯ ಉಮ್ರಾ ಖಾನ್ ಅವರ ಕಡೆಯವರು, ಬ್ರಿಟಿಷರೂ ಶುಜಾನೂ ಇದ್ದ ಚಿತ್ರಾಲ್ ಕೋಟೆಗೆ ಮುತ್ತಿಗೆ ಹಾಕಿದರು. ಅವರ ನೆರವಿಗೆ ಗಿಲ್ಗಿಟ್‌ನಿಂದ ಹೊರಟ ಬ್ರಿಟಿಷ್ ಕರ್ನಲ್ ಕೆಲ್ಲಿಯ ತುಕಡಿ ಶಂದೂರನ್ನು ದಾಟುವಾಗ ಹಿಮದಲ್ಲಿ ಹೇಸರಗತ್ತೆಗಳು ಮುಂದೆ ಹೆಜ್ಜೆಯಿಡದೆ ನಿಂತುಬಿಟ್ಟಿದ್ದರಿಂದ, ಸಿಪಾಯಿಗಳೇ ಪರ್ವತ ಫಿರಂಗಿಗಳನ್ನು ಹೊತ್ತು ಸಾಗಿಸಿದರು. ಏಪ್ರಿಲ್ 20ರಂದು ಆ ತುಕಡಿ ಚಿತ್ರಾಲ್‌ಗೆ ಬಂದು ಸೇರಿತು. ಕೋಟೆಯೊಳಗೆ ಸಿಕ್ಕಿಬಿದ್ದಿದ್ದ ಆ ಹುಡುಗ ಮುಂದೆ 1936ರವರೆಗೆ ಆಳಿದ್ದು ಬ್ರಿಟಿಷರ ಆಸರೆಯಲ್ಲಿ ಎಂಬುದನ್ನು ಮರೆಯುವಂತಿಲ್ಲ.

ನನ್ನ ದೃಷ್ಟಿಯಲ್ಲಿ ಶುಜಾ ಅವರ ಮಕ್ಕಳ ಕಥೆ ಅವರದಕ್ಕಿಂತ ರೋಚಕವಾಗಿದೆ. ಹಿರಿಯರಾದ ನಾಸಿರ್-ಉಲ್-ಮುಲ್ಕ್ (ಆಳ್ವಿಕೆ 1936–1943) ಪೇಶಾವರದ ಇಸ್ಲಾಮಿಯಾ ಕಾಲೇಜಿನಲ್ಲಿ ಓದಿದವರು; 1920ರ ದಶಕದಲ್ಲಿ ಗುಫ್ರಾನ್ ಅವರೊಂದಿಗೆ ಸೇರಿ ಖೋವಾರ್‌ಗೆ ಅರಬ್ಬೀ ಮೂಲದ ಲಿಪಿಯನ್ನು ಹೊಂದಿಸಿದರು. ಈ ಕೆಲಸದ ಕಷ್ಟ ನಮಗೆ ಅರ್ಥವಾಗಬೇಕಾದರೆ ಶ, ಷ ಅಕ್ಷರಗಳನ್ನು ನೆನೆಯಬಹುದು: ನಮ್ಮ ದಿನಬಳಕೆಯ ಮಾತಿನಲ್ಲಿ ಬಹುಮಟ್ಟಿಗೆ ಒಂದಾಗಿಬಿಟ್ಟಿರುವ ಈ ಎರಡು ಧ್ವನಿಗಳು ಖೋವಾರ್‌ನಲ್ಲಿ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ, ಆದರೆ ಪರ್ಷಿಯನ್ ಲಿಪಿಯಲ್ಲಿ ಷಕಾರಕ್ಕೆ ಅಕ್ಷರವೇ ಇಲ್ಲ. ಇಂಥ ಧ್ವನಿಗಳಿಗಾಗಿ ಈಗಿನ ಖೋವಾರ್ ವರ್ಣಮಾಲೆಯಲ್ಲಿ ಚುಕ್ಕೆಗಳನ್ನು, ಗುರುತುಗಳನ್ನು ಸೇರಿಸಿದ ವಿಶೇಷ ಅಕ್ಷರಗಳಿವೆ. ನಾಸಿರ್ ಅವರ ತಮ್ಮ ಹುಸಾಮ್-ಉಲ್-ಮುಲ್ಕ್ ಚಿತ್ರಾಲ್‌ನ ಜನಪದ ನಂಬಿಕೆ, ಆಚರಣೆಗಳನ್ನು ದಾಖಲಿಸಿದರು. ಇನ್ನೊಬ್ಬ ತಮ್ಮ ಮುಜಫ್ಫರ್-ಉಲ್-ಮುಲ್ಕ್ 1947ರ ನವೆಂಬರ್‌ನಲ್ಲಿ ಸಂಸ್ಥಾನವನ್ನು ಪಾಕಿಸ್ತಾನಕ್ಕೆ ಸೇರಿಸಿದರು. 1969ರಲ್ಲಿ ಅದರ ಪ್ರತ್ಯೇಕ ಆಡಳಿತವೂ ಕೊನೆಗೊಂಡಿತು.

ಭಾರತದ ಇತಿಹಾಸವನ್ನು ಓದುವವರಿಗೆ ಹತ್ತಿರವಾಗುವವರು ಇನ್ನಿಬ್ಬರು ಸೋದರರಾದ ಬುರ್ಹಾನುದ್ದೀನ್ ಮತ್ತು ಮತಾ-ಉಲ್-ಮುಲ್ಕ್. ಬ್ರಿಟಿಷ್ ಭಾರತದ ಬಲೂಚ್ ರೆಜಿಮೆಂಟಿನ ಅಧಿಕಾರಿಯಾಗಿದ್ದ ಬುರ್ಹಾನುದ್ದೀನ್ ಆಜಾದ್ ಹಿಂದ್ ಫೌಜನ್ನು ಸೇರಿದರು. ಕೆಂಪುಕೋಟೆಯ ವಿಚಾರಣೆಯೆಂದರೆ ಶಾ ನವಾಜ್, ಸೆಹಗಲ್, ಧಿಲ್ಲೋನ್ ಎಂಬ ಮೂರು ಹೆಸರುಗಳಿಗೆ ನಿಂತುಬಿಡುವ ನಮ್ಮ ಪಠ್ಯಗಳಲ್ಲಿ, ಅದೇ ಫೌಜಿನವರಾಗಿ ಸೇನಾ ನ್ಯಾಯಾಲಯದ ಮುಂದೆ ನಿಂತು ಶಿಕ್ಷೆಗೊಳಗಾದ ಈ ಚಿತ್ರಾಲ್ ರಾಜಕುಮಾರನ ಹೆಸರು ಕಾಣುವುದು ಅಪರೂಪ. ಮತಾ-ಉಲ್-ಮುಲ್ಕ್ 1948ರಲ್ಲಿ ಚಿತ್ರಾಲ್ ಅಂಗರಕ್ಷಕ ದಳದ ನಾಯಕರಾಗಿ ಪಾಕಿಸ್ತಾನದ ಕಡೆಯಿಂದ ಬಾಲ್ಟಿಸ್ತಾನದ ಸ್ಕರ್ದು ಕೋಟೆಯ ಮುತ್ತಿಗೆಯಲ್ಲಿ ಪಾಲ್ಗೊಂಡರು. ಅಲ್ಲಿ ಭಾರತದ ಕಡೆಯಿಂದ ಆರು ತಿಂಗಳು ಕೋಟೆಯನ್ನು ಉಳಿಸಿಕೊಂಡಿದ್ದ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಆಗಸ್ಟ್ 14ರಂದು ಶರಣಾದರು. ಭಾರತ ಅವರಿಗೆ ಮಹಾವೀರ ಚಕ್ರವನ್ನು ನೀಡಿತು.